ಮ್ಯಾಚ್ ಫಲಿತಾಂಶಕ್ಕೆ ಕಾಯುವ ದಿನಗಳು: ಆತಂಕವನ್ನು ನಿಭಾಯಿಸುವುದು ಹೇಗೆ?

ಅಮೆರಿಕದಲ್ಲಿ ರೆಸಿಡೆನ್ಸಿಗೆ, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತ ಪಡೆಯುವ ಸ್ನಾತಕೋತ್ತರ ತರಬೇತಿಗೆ, ಅರ್ಜಿ ಹಾಕಿದ ವೈದ್ಯ ಪದವೀಧರರ ಪಾಲಿಗೆ ವರ್ಷದಲ್ಲಿ ಸುಮಾರು 12 ದಿನಗಳು ಬಹಳ ಭಾರವಾಗಿರುತ್ತವೆ. ಫೆಬ್ರುವರಿಯ ಕೊನೆಗೋ ಮಾರ್ಚ್ ಮೊದಲ ವಾರಕ್ಕೋ ಅವರು, ತಾವು ಸೇರಬಯಸುವ ತರಬೇತಿಗಳನ್ನು ಇಷ್ಟದ ಕ್ರಮದಲ್ಲಿ ಬರೆದ ರ್‍ಯಾಂಕ್ ಪಟ್ಟಿಯನ್ನು ಅಂತಿಮಗೊಳಿಸಿ ಅರ್ಜಿದಾರರ ಪಟ್ಟಿಯನ್ನೂ ಆಸ್ಪತ್ರೆಗಳ ಪಟ್ಟಿಯನ್ನೂ ಹೊಂದಿಸಿ ಸ್ಥಾನ ಹಂಚುವ 'ಮ್ಯಾಚ್' ನಡೆಸುವ ನ್ಯಾಷನಲ್ ರೆಸಿಡೆಂಟ್ ಮ್ಯಾಚಿಂಗ್ ಪ್ರೋಗ್ರಾಂಗೆ, ಅಂದರೆ ಎನ್‌ಆರ್‌ಎಂಪಿಗೆ, ಒಪ್ಪಿಸುತ್ತಾರೆ. ಮಾರ್ಚ್ ಮಧ್ಯದ ಸೋಮವಾರ ಸ್ಥಾನ ಸಿಕ್ಕಿತೋ ಇಲ್ಲವೋ ಎಂಬುದು ಮಾತ್ರ ತಿಳಿಯುತ್ತದೆ. ಎಲ್ಲಿ ಸಿಕ್ಕಿತು ಎಂಬುದು ಅದೇ ವಾರದ ಶುಕ್ರವಾರ, ಮ್ಯಾಚ್ ಡೇ ದಿನ, ಹೊರಬೀಳುತ್ತದೆ. ಯುಎಸ್‌ಎಂಎಲ್‌ಇ ಎಂಬ ಅಮೆರಿಕದ ವೈದ್ಯಕೀಯ ಪರವಾನಗಿ ಪರೀಕ್ಷೆಗಳಿಗೆ ಓದಿದ ವರ್ಷಗಳು, ಅಲ್ಲಿನ ಆಸ್ಪತ್ರೆಗಳ ಕೆಲಸವನ್ನು ನೋಡಿ ಕಲಿಯಲು ಸಾಲ ಮಾಡಿ ಹೋಗಿಬಂದ ಆಬ್ಸರ್ವರ್‌ಶಿಪ್, ರಾತ್ರಿ ಹೊತ್ತಿನಲ್ಲಿ ಕೋಟು ತೊಟ್ಟು ಲ್ಯಾಪ್‌ಟಾಪ್ ಮುಂದೆ ಕುಳಿತು ಕೊಟ್ಟ ಸಂದರ್ಶನಗಳು, ಎಲ್ಲವೂ ಆ ಹೊತ್ತಿಗೆ ಮುಗಿದಿರುತ್ತವೆ. ಇಷ್ಟು ಕಾಲ ಓಡಿದ ಮನಸ್ಸಿಗೆ ಒಮ್ಮೆಲೇ ನಿಲ್ಲು ಎಂದರೆ ಅದು ನಿಲ್ಲುವುದಿಲ್ಲ.

ನನ್ನ ತಂಗಿಯ ಮಗಳು ಈ ದಿನಗಳನ್ನು ಶಿವಮೊಗ್ಗದ ಮನೆಯಲ್ಲಿ ಕಳೆದಳು. ಊಟದ ತಟ್ಟೆಯ ಪಕ್ಕದಲ್ಲಿ ಮೊಬೈಲು, ಸಾರು ಕಲಸಿದ ಅನ್ನ ಆರಿಹೋಗುತ್ತಿದ್ದರೂ ಎಡಗೈ ಹೆಬ್ಬೆರಳು ಪರದೆಯನ್ನು ಕೆಳಗೆಳೆದು ಬಿಡುತ್ತಲೇ ಇರುತ್ತಿತ್ತು. ಫಲಿತಾಂಶ ಬರಲು ಇನ್ನೂ ಒಂಬತ್ತು ದಿನ ಇದ್ದವು. ಅವತ್ತು ಯಾವ ಮೇಲ್ ಬರುವುದೂ ಸಾಧ್ಯವಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಅವಳ ಜೊತೆಗಿದ್ದು ಕಂಡದ್ದನ್ನೂ, ಕಾಯುವಿಕೆಯ ಬಗ್ಗೆ ಮನಃಶಾಸ್ತ್ರ ತಿಳಿದುಕೊಂಡಿರುವುದನ್ನೂ ಸೇರಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ. ಆತಂಕವನ್ನು ಪೂರ್ತಿ ಅಳಿಸಿಹಾಕುವ ಉಪಾಯ ಇಲ್ಲಿಲ್ಲ. ಆದರೆ ಮುಗಿದ ಕೆಲಸವನ್ನೂ ಇನ್ನೂ ಕೈಯಲ್ಲಿರುವ ಕೆಲಸವನ್ನೂ ಬೇರೆ ಬೇರೆ ಮಾಡಿಟ್ಟುಕೊಂಡರೆ ಅದು ದಿನವಿಡೀ ನಮ್ಮನ್ನು ಆಳುವುದು ನಿಲ್ಲುತ್ತದೆ.

ಮೊದಲ ಹೆಜ್ಜೆ: ಪಟ್ಟಿಯ ಲೆಕ್ಕಾಚಾರವನ್ನು ಒಮ್ಮೆ ಸರಿಯಾಗಿ ಅರ್ಥಮಾಡಿಕೊಳ್ಳಿ

ಈ ದಿನಗಳಲ್ಲಿ ಹೆಚ್ಚಿನವರನ್ನು ಕೊರೆಯುವ ಪ್ರಶ್ನೆ ಒಂದೇ: "ದೊಡ್ಡ ಆಸ್ಪತ್ರೆಯನ್ನು ಮೊದಲ ಸ್ಥಾನದಲ್ಲಿ ಹಾಕಿ ತಪ್ಪು ಮಾಡಿದೆನೇ? ಎರಡನೆಯದನ್ನು ಮೊದಲು ಹಾಕಿದ್ದರೆ ಅದಾದರೂ ಸಿಗುತ್ತಿತ್ತೇ?" ಇದಕ್ಕೆ ಖಚಿತವಾದ ಉತ್ತರವಿದೆ, ಅದನ್ನು ತಿಳಿದುಕೊಂಡರೆ ಅರ್ಧ ರಾತ್ರಿಗಳ ನಿದ್ದೆ ಉಳಿಯುತ್ತದೆ.

ಮ್ಯಾಚ್ ಪದ್ಧತಿ 1952ರಿಂದ ನಡೆದುಬಂದಿದೆ. ಈಗ ಬಳಕೆಯಲ್ಲಿರುವ ಲೆಕ್ಕಾಚಾರವನ್ನು ಆಲ್ವಿನ್ ರಾತ್ ಮತ್ತು ಎಲಿಯಟ್ ಪೆರಾನ್ಸನ್ ರೂಪಿಸಿದರು, 1998ರ ಮ್ಯಾಚ್‌ನಿಂದ ಅದು ಜಾರಿಗೆ ಬಂತು. ಇದರ ಬೇರು ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ 1962ರಲ್ಲಿ ಪ್ರಕಟಿಸಿದ ಗಣಿತದಲ್ಲಿದೆ. ಈ ಬಗೆಯ ಹೊಂದಾಣಿಕೆಯ ಅಧ್ಯಯನಕ್ಕಾಗಿ ರಾತ್ ಮತ್ತು ಶಾಪ್ಲಿ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಲೆಕ್ಕ ನಡೆಯುವುದು ಹೀಗೆ. ಕಂಪ್ಯೂಟರ್ ನಿಮ್ಮನ್ನು ಮೊದಲು ನಿಮ್ಮ ಪಟ್ಟಿಯ ಒಂದನೇ ಪ್ರೋಗ್ರಾಂನ, ಅಂದರೆ ಒಂದು ಆಸ್ಪತ್ರೆಯ ಒಂದು ವಿಭಾಗದ ತರಬೇತಿಯ, ಬಾಗಿಲಿಗೆ ಕರೆದೊಯ್ಯುತ್ತದೆ. ಅಲ್ಲಿ ಸ್ಥಾನ ಖಾಲಿ ಇದ್ದು ಅವರ ಪಟ್ಟಿಯಲ್ಲಿ ನಿಮ್ಮ ಹೆಸರಿದ್ದರೆ ತಾತ್ಕಾಲಿಕವಾಗಿ ಕೂರಿಸುತ್ತದೆ. ಸ್ಥಾನಗಳು ತುಂಬಿದ್ದರೂ ಅಲ್ಲಿ ಕುಳಿತ ಒಬ್ಬರಿಗಿಂತ ನಿಮ್ಮನ್ನು ಆ ಪ್ರೋಗ್ರಾಂ ಮೇಲೆ ಇಟ್ಟಿದ್ದರೆ ಅವರು ಎದ್ದು ತಮ್ಮ ಮುಂದಿನ ಆಯ್ಕೆಗೆ ಹೋಗುತ್ತಾರೆ, ನೀವು ಕೂರುತ್ತೀರಿ. ಒಂದನೆಯದು ಆಗದಿದ್ದರೆ ಎರಡನೆಯ ಬಾಗಿಲಿಗೆ ಹೋಗುತ್ತೀರಿ. ಅಷ್ಟರಲ್ಲಿ ಅಲ್ಲಿ ಬೇರೆಯವರು ಕುಳಿತಿದ್ದರೆ ತಡವಾಗಿ ಬಂದಿರಿ ಎಂದು ಯಾರೂ ನಿಮ್ಮನ್ನು ಹಿಂದಕ್ಕೆ ಕಳಿಸುವುದಿಲ್ಲ, ಏಕೆಂದರೆ ಎಲ್ಲರ ಲೆಕ್ಕವೂ ಮುಗಿಯುವವರೆಗೆ ಯಾರ ಸ್ಥಾನವೂ ಖಾಯಂ ಅಲ್ಲ.

ಆದ್ದರಿಂದ ಕೈಗೆಟುಕದೇನೋ ಎನಿಸಿದ ಪ್ರೋಗ್ರಾಂ ಅನ್ನು ಮೊದಲು ಬರೆದದ್ದರಿಂದ ಎರಡನೆಯದರಲ್ಲಿ ನಿಮ್ಮ ಅವಕಾಶ ಕೂದಲೆಳೆಯಷ್ಟೂ ಕುಗ್ಗುವುದಿಲ್ಲ. ಮನಸ್ಸಿಗೆ ಬೇಕಾದ ಕ್ರಮದಲ್ಲೇ ಪಟ್ಟಿ ಮಾಡಿದ್ದರೆ ನೀವು ಮಾಡಬಹುದಾದ ಅತ್ಯುತ್ತಮ ಕೆಲಸವನ್ನೇ ಮಾಡಿದ್ದೀರಿ. ಇದನ್ನು ಒಂದು ಹಾಳೆಯ ಮೇಲೆ ನಿಮ್ಮದೇ ಮಾತಿನಲ್ಲಿ ಬರೆದು ಮೇಜಿನ ಮೇಲಿಡಿ. ರಾತ್ರಿ ಎರಡು ಗಂಟೆಗೆ ಅದೇ ಪ್ರಶ್ನೆ ಮತ್ತೆ ಎದ್ದಾಗ ಹೊಸದಾಗಿ ವಾದಕ್ಕಿಳಿಯದೆ ಆ ಹಾಳೆಯನ್ನು ಓದಿ ಮಲಗಬಹುದು. ಸಂದರ್ಶನದ ನಂತರ ಬಂದ ಮೆಚ್ಚುಗೆಯ ಮೇಲ್‌ಗಳ ಒಂದೊಂದು ಪದವನ್ನೂ ಹಿಂಜುತ್ತ ಕೂರುವುದೂ ಇದೇ ಜಾತಿಯ ಕೆಲಸ; ಅಂಥ ಮಾತುಗಳಿಂದ ಯಾವ ಪ್ರೋಗ್ರಾಂ ಕೂಡ ಬದ್ಧವಾಗುವುದಿಲ್ಲ.

ಎರಡನೆಯದು: ಸೋಮವಾರದ ಎರಡೂ ದಾರಿಗಳಿಗೆ ಮೊದಲೇ ಸಿದ್ಧರಾಗಿ

"ಕೆಟ್ಟದ್ದನ್ನು ಬಾಯಿಬಿಟ್ಟು ಹೇಳಬಾರದು, ಅಸ್ತು ದೇವತೆಗಳು ಅಸ್ತು ಎಂದುಬಿಡುತ್ತಾರೆ" ಎಂದು ಮನೆಯ ಹಿರಿಯರು ತಡೆಯಬಹುದು. ಅವರ ಪ್ರೀತಿಯನ್ನು ಗೌರವಿಸೋಣ, ಆದರೆ ಸಿದ್ಧತೆಯನ್ನು ಬಿಡುವುದು ಬೇಡ. 2024ರ ಮ್ಯಾಚ್‌ನಲ್ಲಿ ಅಮೆರಿಕದ ಎಂ.ಡಿ. (ಅಲ್ಲಿ ಅದೇ ಮೂಲ ವೈದ್ಯ ಪದವಿ) ಕಾಲೇಜುಗಳ ಅಂತಿಮ ವರ್ಷದವರಲ್ಲಿ ಶೇ 93.5ರಷ್ಟು ಮಂದಿಗೆ ಮೊದಲ ವರ್ಷದ ಸ್ಥಾನ ಸಿಕ್ಕಿದರೆ, ಅಮೆರಿಕದ ಪೌರರಲ್ಲದ ವಿದೇಶಿ ಪದವೀಧರರಲ್ಲಿ ಸಿಕ್ಕಿದ್ದು ಶೇ 58.5ರಷ್ಟು ಮಂದಿಗೆ. ನಮ್ಮ ಕಾಲೇಜುಗಳಿಂದ ಹೋಗುವವರು ಈ ಎರಡನೆಯ ಗುಂಪಿನವರು. ಅಂದರೆ ಹತ್ತರಲ್ಲಿ ಸುಮಾರು ನಾಲ್ವರಿಗೆ ಆ ಸೋಮವಾರ ನಿರಾಸೆಯ ಮೇಲ್ ಬರುತ್ತದೆ, ಅವರೆಲ್ಲರೂ ದಡ್ಡರೋ ಸೋಮಾರಿಗಳೋ ಆಗಿರುವುದಿಲ್ಲ.

ಸ್ಥಾನ ಸಿಗದ ಅರ್ಹರಿಗಾಗಿ ಅದೇ ವಾರ ಸೋಪ್ ಎಂಬ ಪೂರಕ ಪ್ರಕ್ರಿಯೆ ನಡೆಯುತ್ತದೆ. ಸೋಮವಾರ ಖಾಲಿ ಉಳಿದ ಸ್ಥಾನಗಳ ಪಟ್ಟಿ ಸಿಗುತ್ತದೆ, ಗರಿಷ್ಠ 45 ಪ್ರೋಗ್ರಾಂಗಳಿಗೆ ಅರ್ಜಿ ಕಳಿಸಬಹುದು, ಗುರುವಾರ ಸುತ್ತು ಸುತ್ತಾಗಿ ಆಹ್ವಾನಗಳು ಬರುತ್ತವೆ, ಬಂದ ಆಹ್ವಾನವನ್ನು ಎರಡು ಗಂಟೆಯೊಳಗೆ ಒಪ್ಪಬೇಕು. ಪ್ರೋಗ್ರಾಂನವರು ತಾವಾಗಿ ಸಂಪರ್ಕಿಸುವವರೆಗೆ ಅರ್ಜಿದಾರರು ಅಥವಾ ಅವರ ಪರವಾಗಿ ಬೇರೆಯವರು ಫೋನು, ಮೇಲ್ ಮಾಡುವುದು ನಿಯಮಕ್ಕೆ ವಿರುದ್ಧ. ಇದಿಷ್ಟೂ ಸೋಮವಾರ ರಾತ್ರಿ ಕಣ್ಣೀರಿನ ನಡುವೆ ಹೊಸದಾಗಿ ಕಲಿಯುವಂಥದ್ದಲ್ಲ. ಒಂದು ವರ್ಷದ ತರಬೇತಿ ಮಾತ್ರ ಸಿಗುವ ಪ್ರಿಲಿಮಿನರಿ ಸ್ಥಾನಕ್ಕೆ ಹೊಂದುವ ಸ್ವಪರಿಚಯ ಪತ್ರ, ಎರಡನೇ ಆಯ್ಕೆಯ ವೈದ್ಯಕೀಯ ವಿಭಾಗಕ್ಕೆ ಹೊಂದುವ ಇನ್ನೊಂದು ಪತ್ರ, ಇನ್ವರ್ಟರ್ ಕೆಟ್ಟರೆ ಲ್ಯಾಪ್‌ಟಾಪ್ ಹಿಡಿದು ಹೋಗಲು ಒಬ್ಬ ಗೆಳೆಯನ ಮನೆ, ಇವನ್ನು ಪಟ್ಟಿ ಮುಚ್ಚಿದ ಮೊದಲ ನಾಲ್ಕು ದಿನಗಳಲ್ಲಿ ಸಿದ್ಧಮಾಡಿ ಒಂದು ಫೋಲ್ಡರಿನಲ್ಲಿಡಿ. ನನ್ನ ತಂಗಿಯ ಮಗಳು ಈ ಫೋಲ್ಡರನ್ನು ಮುಚ್ಚಿದ ದಿನ ರಾತ್ರಿ, ಎಷ್ಟೋ ದಿನಗಳ ಮೇಲೆ, ಬೆಳಗಿನವರೆಗೆ ನಿದ್ದೆ ಮಾಡಿದಳು. ಭಯ ಒಂದು ರೂಪ ಪಡೆದ ಮೇಲೆ ಅದರ ಗಾತ್ರ ಕಡಿಮೆಯಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡೆ.

ಮೂರನೆಯದು: ಚಿಂತೆಗೆ ಒಂದು ಹೊತ್ತು ಗೊತ್ತುಮಾಡಿ

ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಒಂದು ಸರಳ ವಿಧಾನವನ್ನು ಪ್ರಕಟಿಸಿದರು. ದಿನಕ್ಕೆ ಅರ್ಧ ಗಂಟೆಯನ್ನು ಚಿಂತೆಗೆಂದೇ ಮೀಸಲಿಡುವುದು, ಒಂದೇ ಜಾಗ, ಒಂದೇ ಹೊತ್ತು. ಉಳಿದ ವೇಳೆಯಲ್ಲಿ ಚಿಂತೆ ಬಂದರೆ ಅದನ್ನು ಆ ಹೊತ್ತಿಗೆ ಮುಂದೂಡುವುದು. ಮನಸ್ಸಿಗೆ "ಚಿಂತಿಸಬೇಡ" ಎಂದರೆ ಅದು ಕೇಳುವುದಿಲ್ಲ, "ಸಂಜೆ ಐದೂವರೆಗೆ ನೋಡೋಣ" ಎಂದರೆ ಎಷ್ಟೋ ಸಲ ಕೇಳುತ್ತದೆ. ಮಲಗುವ ಕೋಣೆಯನ್ನೂ ಮಲಗುವ ಹೊತ್ತನ್ನೂ ಇದಕ್ಕೆ ಬಳಸಬೇಡಿ. ಜಗಲಿಯ ಮೇಲೆ ಒಂದು ನೋಟ್‌ಬುಕ್ ಹಿಡಿದು ಕುಳಿತು ಬಂದದ್ದನ್ನೆಲ್ಲ ಬರೆಯಿರಿ, ಅರ್ಧ ಗಂಟೆಯಾದೊಡನೆ ಎದ್ದುಬಿಡಿ.

ಮ್ಯಾಚ್ ಕುರಿತ ಟೆಲಿಗ್ರಾಂ, ವಾಟ್ಸ್ಆ್ಯಪ್ ಗುಂಪುಗಳನ್ನು ನೋಡುವುದೂ ಅದೇ ಅರ್ಧ ಗಂಟೆಯೊಳಗೆ ಮುಗಿಯಲಿ. ಪಟ್ಟಿ ಮುಚ್ಚಿದ ಮೇಲೆ ಆ ಗುಂಪುಗಳಲ್ಲಿ ಬರುವ ಯಾವ ಸುದ್ದಿಯೂ ನಿಮ್ಮ ಫಲಿತಾಂಶವನ್ನು ಬದಲಿಸಲಾರದು. "ನನಗೆ ಹದಿನೈದು ಸಂದರ್ಶನ, ನಿನಗೆಷ್ಟು?" ಎಂಬ ಪ್ರಶ್ನೆಗೆ ಉತ್ತರಿಸಬೇಕಾದ ಕರ್ತವ್ಯವೂ ನಿಮಗಿಲ್ಲ.

ಇದರ ಜೊತೆಗೆ, ಮನಸ್ಸು ಪೂರ್ತಿ ಮುಳುಗುವಂಥ ಕೆಲಸವೊಂದು ಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಶಾಖೆಯ ಮನಃಶಾಸ್ತ್ರಜ್ಞೆ ಕೇಟ್ ಸ್ವೀನಿ ಅವರು ವಕೀಲಿ ಅರ್ಹತಾ ಪರೀಕ್ಷೆ ಬರೆದು ತಿಂಗಳುಗಟ್ಟಲೆ ಫಲಿತಾಂಶಕ್ಕೆ ಕಾಯುವ ಕಾನೂನು ಪದವೀಧರರನ್ನು ಅಧ್ಯಯನ ಮಾಡಿದ್ದಾರೆ. ಚಿಂತೆಯನ್ನು ಅದುಮಿಡುವ ಪ್ರಯತ್ನಗಳು ಅಷ್ಟಾಗಿ ಫಲಿಸಲಿಲ್ಲ, ಹೊತ್ತು ಹೋದದ್ದೇ ತಿಳಿಯದಂತೆ ಕೆಲಸದಲ್ಲಿ ತಲ್ಲೀನರಾದವರು ಉಳಿದವರಿಗಿಂತ ಹಗುರವಾಗಿ ಕಾದರು ಎಂಬುದು ಅವರ ತಂಡ ಕಂಡ ಸಂಗತಿ. ಕೆಲಸ ಸ್ವಲ್ಪ ಕಷ್ಟದ್ದಾಗಿರಬೇಕು, ಕೈಗೆಟುಕುವಂಥದ್ದೂ ಆಗಿರಬೇಕು. ಸುಮ್ಮನೆ ಟಿ.ವಿ. ನೋಡುವುದರಿಂದ ಇದು ಸಾಧ್ಯವಿಲ್ಲ. ನಮ್ಮ ಹುಡುಗಿ ಅಜ್ಜಿಯ ಪಕ್ಕ ಕುಳಿತು ಅಕ್ಕಿ ಹಿಟ್ಟಿನ ಚಕ್ಕುಲಿ ಸುತ್ತುವುದನ್ನು ಕಲಿತಳು. ಎಳೆ ತುಂಡಾಗದಂತೆ ಒತ್ತಿನ ಮೇಲೆ ಕೈಯ ಭಾರವನ್ನು ಒಂದೇ ಸಮನೆ ಇಡಬೇಕು. ಮನಸ್ಸು ಬೇರೆಡೆ ಹೋದರೆ ಸುತ್ತು ಒಡೆಯುತ್ತದೆ. ಮೂರನೇ ದಿನದ ಹೊತ್ತಿಗೆ ಅವಳು ಮೊಬೈಲನ್ನು ಹಾಲ್‌ನಲ್ಲೇ ಬಿಟ್ಟು ಅಡುಗೆಮನೆಗೆ ಬರುತ್ತಿದ್ದಳು.

ದೇಹದ ವಿಷಯದಲ್ಲಿ ವೈದ್ಯರಿಗೆ ನಾನು ಹೇಳಬೇಕಾದದ್ದು ಕಡಿಮೆ. ಮಧ್ಯಾಹ್ನದ ನಂತರ ಕಾಫಿ ಬೇಡ. ಎದೆ ಡವಗುಟ್ಟಿದಾಗ ನಾಲ್ಕು ಎಣಿಸುತ್ತ ಉಸಿರೆಳೆದು ಆರು ಎಣಿಸುತ್ತ ಬಿಡುವುದನ್ನು ಐದು ನಿಮಿಷ ಮಾಡಿದರೆ ನಾಡಿಮಿಡಿತ ಇಳಿಯುತ್ತದೆ. ಆದರೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ: ಔಷಧದ ಹೆಸರು, ಪ್ರಮಾಣ ಎಲ್ಲವೂ ತಿಳಿದಿರುವುದರಿಂದಲೇ ಯುವ ವೈದ್ಯರು ನಿದ್ದೆಗೋ ನಡುಕಕ್ಕೋ ತಾವೇ ಮಾತ್ರೆ ಬರೆದುಕೊಳ್ಳುವ ಅಪಾಯ ಹೆಚ್ಚು. ರೋಗಿಯೊಬ್ಬರು ಹೀಗೆ ಮಾಡಿದರೆ ನೀವು ಏನು ಹೇಳುತ್ತಿದ್ದಿರೋ ಅದನ್ನೇ ನಿಮಗೂ ಹೇಳಿಕೊಳ್ಳಿ.

ನಾಲ್ಕನೆಯದು: ಮನೆಯವರ ಜೊತೆ ಒಂದು ಒಪ್ಪಂದ

ಈ ಮಾತು ಮನೆಯವರಿಗೆ. ಚಿಕ್ಕಪ್ಪ, ಅತ್ತೆ, ಪಕ್ಕದ ಮನೆಯವರು ಎಲ್ಲರೂ ಪ್ರೀತಿಯಿಂದಲೇ "ಏನಾಯ್ತಮ್ಮಾ, ಬಂತಾ?" ಎಂದು ಕೇಳುತ್ತಾರೆ. ದಿನಕ್ಕೆ ಆರು ಸಲ ಅದಕ್ಕೆ "ಇನ್ನೂ ಇಲ್ಲ" ಎನ್ನುವವರ ಎದೆ ಆರು ಸಲವೂ ಕುಸಿಯುತ್ತದೆ. ಆದ್ದರಿಂದ ಮನೆಯಲ್ಲಿ ಒಬ್ಬರು, ಅಪ್ಪನೋ ಅಣ್ಣನೋ, ಎಲ್ಲರ ಫೋನಿಗೂ ಉತ್ತರಿಸುವ ಹೊಣೆ ಹೊರಲಿ. ಸಾಲದ ಕಂತು, ಮದುವೆಯ ಮಾತು, ನೀಟ್ ಪಿಜಿ ಬರೆದ ಸಹಪಾಠಿಗೆ ಸಿಕ್ಕ ಸೀಟು, ಈ ಮೂರನ್ನೂ ಆ ವಾರ ಮುಗಿಯುವವರೆಗೆ ಎತ್ತದಿರಿ. ಅಮ್ಮ ಧರ್ಮಸ್ಥಳಕ್ಕೆ ಹರಕೆ ಹೊತ್ತರೆ ಹೊರಲಿ. ಕಾಯುವ ಕಷ್ಟ ಅವರಿಗೂ ಇದೆ, ಅವರಿಗೂ ಒಂದು ಆಸರೆ ಬೇಕು.

ಐದನೆಯದು: ಸೋಮವಾರ ಸಂಜೆ

ಭಾರತದಲ್ಲಿ ಕುಳಿತು ಕಾಯುವವರು ಗಡಿಯಾರವನ್ನು ಸರಿಯಾಗಿ ಲೆಕ್ಕ ಹಾಕಬೇಕು. ಚಳಿಗಾಲದಲ್ಲಿ ಅಮೆರಿಕದ ಪೂರ್ವ ಕರಾವಳಿಗೂ ನಮಗೂ ಹತ್ತೂವರೆ ಗಂಟೆಯ ವ್ಯತ್ಯಾಸವಿರುತ್ತದೆ. ಮಾರ್ಚ್‌ನ ಎರಡನೇ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದರಿಂದ ಅದು ಒಂಬತ್ತೂವರೆ ಗಂಟೆಗೆ ಇಳಿಯುತ್ತದೆ. ಇತ್ತೀಚಿನ ವರ್ಷಗಳ ವೇಳಾಪಟ್ಟಿಯಂತೆ ಸೋಮವಾರದ ಸುದ್ದಿ ಅಲ್ಲಿನ ಬೆಳಿಗ್ಗೆ 10ಕ್ಕೆ, ಅಂದರೆ ನಮ್ಮ ಸಂಜೆ 7.30ಕ್ಕೆ ಬರುತ್ತದೆ, ಶುಕ್ರವಾರದ ಸುದ್ದಿ ಅಲ್ಲಿನ ಮಧ್ಯಾಹ್ನ 12ಕ್ಕೆ, ನಮ್ಮ ರಾತ್ರಿ 9.30ಕ್ಕೆ. ನಮ್ಮ ಮನೆಯಲ್ಲಿ ಜನವರಿಯ ಸಂದರ್ಶನಗಳ ಲೆಕ್ಕವನ್ನೇ ಹಿಡಿದು ಎಂಟೂವರೆಗೆ ಕಾಯುತ್ತಿದ್ದೆವು. ಏಳೂವರೆಗೆ ಅವಳು ಮೊರದಲ್ಲಿದ್ದ ಹಪ್ಪಳಗಳನ್ನು ಡಬ್ಬಿಗೆ ತುಂಬುತ್ತಿದ್ದಾಗ ಮೊಬೈಲು ಸದ್ದು ಮಾಡಿತು, ಯಾರೂ ಸಿದ್ಧರಿರಲಿಲ್ಲ.

ಮೇಲ್ ತೆರೆಯುವಾಗ ಜೊತೆಗೆ ಯಾರಿರಬೇಕು ಎಂಬುದನ್ನು ಹಿಂದಿನ ದಿನವೇ ತೀರ್ಮಾನಿಸಿ. ಒಬ್ಬರೋ ಇಬ್ಬರೋ ಸಾಕು. ಹಾಲ್ ತುಂಬ ನೆಂಟರು ಬೇಡ. ಸ್ಥಾನ ಸಿಗದಿದ್ದರೆ ಇಪ್ಪತ್ತು ನಿಮಿಷ ಅತ್ತುಬಿಡಿ, ಏನಾದರೂ ತಿನ್ನಿ, ಆಮೇಲೆ ಮೊದಲೇ ಮಾಡಿಟ್ಟ ಫೋಲ್ಡರನ್ನು ತೆರೆಯಿರಿ. ಆ ರಾತ್ರಿ ಜೊತೆಗೆ ಕೂರುವವರು ಸಲಹೆ ಕೊಡಬೇಕಾಗಿಲ್ಲ, ಪಟ್ಟಿಯ ಹೆಸರುಗಳನ್ನು ಓದಿ ಹೇಳುತ್ತ, ಟೀ ಮಾಡಿಕೊಡುತ್ತ ಎಚ್ಚರವಿದ್ದರೆ ಸಾಕು.

ನೆರವು ಬೇಕಾದಾಗ

ಎರಡು ವಾರ ಸರಿಯಾಗಿ ನಿದ್ದೆಯಿಲ್ಲದಿದ್ದರೆ, ಊಟ ಸೇರದಿದ್ದರೆ, ಕಾರಣವಿಲ್ಲದೆ ಉಸಿರು ಕಟ್ಟಿದಂತಾಗಿ ಮೈ ಬೆವರುವುದು ಮರುಕಳಿಸುತ್ತಿದ್ದರೆ ಮನೋವೈದ್ಯರನ್ನು ಕಾಣಿ. ಬದುಕುವುದೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ ಫಲಿತಾಂಶ ಬರಲಿ ಎಂದು ಕಾಯಬೇಡಿ, ಅದೇ ಗಳಿಗೆಯಲ್ಲಿ ಒಬ್ಬರಿಗೆ ಹೇಳಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲೂ ಮಾತನಾಡಬಹುದು. ಇದರ ಉನ್ನತ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಅಮೆರಿಕದಲ್ಲಿದ್ದು ಕಾಯುತ್ತಿರುವವರು 988ಕ್ಕೆ ಕರೆ ಮಾಡಬಹುದು.

ಶುಕ್ರವಾರ ರಾತ್ರಿ ಸ್ಥಾನ ಸಿಕ್ಕವರ ಸಂಭ್ರಮದ ಫೋಟೊಗಳು ಎಲ್ಲ ಗುಂಪುಗಳಲ್ಲೂ ತುಂಬಿಕೊಳ್ಳುತ್ತವೆ. ಸಿಗದವರು ಅಂದು ಮೊಬೈಲನ್ನು ಅಮ್ಮನ ಕೈಗೆ ಕೊಟ್ಟು ಬೇಗ ಮಲಗುವುದು ಒಳ್ಳೆಯದು. ಮುಂದಿನ ವರ್ಷದ ಅರ್ಜಿ, ಶಿಫಾರಸು ಪತ್ರ, ನೀಟ್ ಪಿಜಿ ಇತ್ಯಾದಿ ತೀರ್ಮಾನಗಳನ್ನು ಕನಿಷ್ಠ ಹತ್ತು ದಿನ ಮುಟ್ಟಬೇಡಿ. ಸಿಕ್ಕವರು ವೀಸಾಕ್ಕೆ ಬೇಕಾದ ಕಾಗದಪತ್ರಗಳನ್ನು ಸೋಮವಾರದಿಂದಲೇ ಕೂಡಿಸತೊಡಗಿ, ಜುಲೈ ಆರಂಭಕ್ಕೆ ಕೆಲಸಕ್ಕೆ ಹಾಜರಾಗಬೇಕು. ಅದಕ್ಕೂ ಮೊದಲು, ಜೊತೆಗೆ ಓದಿ ಸ್ಥಾನ ಸಿಗದೆ ಉಳಿದ ಗೆಳೆಯನಿಗೋ ಗೆಳತಿಗೋ ಒಂದು ಫೋನು ಮಾಡಿ, ಅವರು ಎತ್ತದಿದ್ದರೆ ಎರಡು ದಿನ ಬಿಟ್ಟು ಮತ್ತೆ ಮಾಡಿ.