ಅತ್ತೆಯ ಮುತ್ತಜ್ಜ, ಮುತ್ತಜ್ಜಿಯನ್ನು ಹುಡುಕಿದ್ದು

ನಮ್ಮತ್ತೆ ಮನೆಯ ಬೇಸ್‌ಮೆಂಟಿನಲ್ಲಿ ಒಂದು ಮರದ ಪೆಟ್ಟಿಗೆ ಇದೆ. ನೀಲಿ ಬಣ್ಣ, ಮೇಲೆಲ್ಲ ಹೂಬಳ್ಳಿ, ಮುಚ್ಚಳದ ಮೇಲೆ 1868 ಎಂದು ಬರೆದಿದೆ. "ನಮ್ಮ ಹಿರಿಯರು ನಾರ್ವೆಯಿಂದ ತಂದದ್ದು" ಎಂಬುದು ಬಿಟ್ಟರೆ ಅತ್ತೆಗೆ ಹೆಚ್ಚೇನೂ ಗೊತ್ತಿರಲಿಲ್ಲ. ನಾನು ತೀರ್ಥಹಳ್ಳಿ ಕಡೆಯವಳು, ಮದುವೆಯಾಗಿ ಅಮೆರಿಕದ ಮಿನಿಯಾಪೊಲಿಸ್‌ಗೆ ಬಂದವಳು. ಮೊದಲ ಚಳಿಗಾಲದಲ್ಲಿ ಹೊರಗೆ ಕಾಲಿಡಲಾಗದೆ ಕೂತಿದ್ದಾಗ ಹೊತ್ತು ಹೋಗಲಿ ಅಂತ ಆ ಪೆಟ್ಟಿಗೆಯವರನ್ನು ಹುಡುಕತೊಡಗಿದೆ. ಎರಡು ವರ್ಷ ಹಿಡಿಯಿತು.

ಮೊದಲೇ ಒಂದು ತಪ್ಪು ಮಾಡಿದೆ. ನೇರ ನಾರ್ವೆಯ ದಾಖಲೆಗೆ ಕೈ ಹಾಕಿದೆ. ಅಲ್ಲಿನ ರಾಷ್ಟ್ರೀಯ ಪತ್ರಾಗಾರದ 'ಡಿಜಿಟಾಲ್‌ಆರ್ಕಿವೆ' ಎಂಬ ವೆಬ್‌ಸೈಟ್‌ನಲ್ಲಿ ಚರ್ಚ್ ಪುಸ್ತಕಗಳು, ಹಳೆಯ ಜನಗಣತಿ ಎಲ್ಲ ಪುಕ್ಕಟೆ ಸಿಗುತ್ತವೆ. ಸುಲಭವಾಗಿ ಸಿಕ್ಕಿದ್ದೇ ಕಷ್ಟವಾಯಿತು. ಅಜ್ಜನ, ಅಂದರೆ ಅತ್ತೆಯ ಮುತ್ತಜ್ಜನ ಹೆಸರು, ಅಂದಾಜು ವಯಸ್ಸು ಎರಡೂ ಹೊಂದುವ ಒಬ್ಬ ಸಿಕ್ಕ. ಮೂರು ತಿಂಗಳು ಅವನ ಹಿಂದೆ ಬಿದ್ದೆ, ಅವನ ಅಜ್ಜಿಯ ಅಮ್ಮನವರೆಗೂ ಹೋದೆ. ಆಮೇಲೆ ನೋಡಿದರೆ ಆ ಪುಣ್ಯಾತ್ಮ 1871ರಲ್ಲಿ ನಾರ್ವೆಯಲ್ಲೇ ತೀರಿಕೊಂಡು ಅಲ್ಲೇ ಮಣ್ಣಾಗಿದ್ದಾನೆ!

ಈ ಕಡೆಯಿಂದ ಹಿಂದಕ್ಕೆ ಹೋಗಬೇಕು ಅಂತ ಆಗ ಬುದ್ಧಿ ಬಂತು. ಮಿನೆಸೋಟ ರಾಜ್ಯದ ಪಶ್ಚಿಮ ಅಂಚಿನ ಲಾಕ್ ಕಿ ಪಾರ್ಲ್ ಕೌಂಟಿಯಲ್ಲಿ ಅವರ ಜಮೀನಿತ್ತು ಎಂಬುದಷ್ಟು ಅತ್ತೆಗೆ ಗೊತ್ತಿತ್ತು. ಅಮೆರಿಕ ಸರ್ಕಾರ ಕೊಟ್ಟ ಜಮೀನಿನ ಹಕ್ಕುಪತ್ರಗಳು ಭೂ ಇಲಾಖೆಯ ವೆಬ್‌ಸೈಟ್‌ನಲ್ಲಿವೆ. ಮನೆತನದ ಹೆಸರು ಹಾಕಿ ಹುಡುಕಿದೆ. ಏನೂ ಇಲ್ಲ. ಇಲ್ಲವೇ ಇಲ್ಲ.

ಇಲ್ಲಿ ನನ್ನ ಕೈ ಹಿಡಿದದ್ದು ನನ್ನದೇ ಇನಿಶಿಯಲ್. ನನ್ನ ಹೆಸರಿನ ಮುಂದೆ ಎರಡು ಅಕ್ಷರ ಇವೆ, ಒಂದು ಊರಿನದು, ಇನ್ನೊಂದು ಅಪ್ಪನದು. ವೀಸಾ ಅರ್ಜಿಯಲ್ಲಿ 'ಲಾಸ್ಟ್ ನೇಮ್' ಕೇಳಿದಾಗ ಏನು ಬರೆಯಬೇಕೆಂದು ತಿಳಿಯದೆ ಒದ್ದಾಡಿದ್ದೆ. ನಾರ್ವೆಯ ಹಳ್ಳಿಗರದ್ದೂ ಅದೇ ಕಥೆ. ಓಲೆಯ ಮಗ ಓಲ್ಸೆನ್, ಓಲೆಯ ಮಗಳು ಓಲ್ಸ್‌ಡಾಟರ್. ಅದರ ಪಕ್ಕದಲ್ಲಿ ವಾಸವಿರುವ ಹೊಲಮನೆಯ ಹೆಸರು. ಮನೆ ಬದಲಿಸಿದರೆ ಆ ಹೆಸರೂ ಬದಲು. ಎಲ್ಲರಿಗೂ ಕಾಯಂ ಮನೆತನದ ಹೆಸರು ಇರಬೇಕು ಅಂತ ಅಲ್ಲಿ ಕಾನೂನು ಬಂದದ್ದೇ 1923ರಲ್ಲಿ. ಅಂದರೆ ಅತ್ತೆಯವರು 'ಸರ್‌ನೇಮ್' ಅಂದುಕೊಂಡದ್ದು ಒಂದು ಹೊಲದ ಹೆಸರು. ಅಜ್ಜ ಸರ್ಕಾರಿ ಕಾಗದಕ್ಕೆ ಅಪ್ಪನ ಹೆಸರು ಕೊಟ್ಟಿದ್ದ, ಚರ್ಚ್‌ಗೆ ಹೊಲದ ಹೆಸರು ಹೇಳಿದ್ದ. ಅಪ್ಪನ ಹೆಸರಿನಿಂದ ಹುಡುಕಿದೆ, ಹತ್ತು ನಿಮಿಷದಲ್ಲಿ ಹಕ್ಕುಪತ್ರ ಸಿಕ್ಕಿತು. ಅವತ್ತು ಮಧ್ಯರಾತ್ರಿ ಗಂಡನನ್ನು ಎಬ್ಬಿಸಿ ಬೈಸಿಕೊಂಡೆ.

ಹಕ್ಕುಪತ್ರದಲ್ಲಿ ರುಚಿ ಏನಿಲ್ಲ. ಅದರ ಹಿಂದಿನ ಫೈಲ್ ತರಿಸಬೇಕು. ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರಕ್ಕೆ ಫೀಸ್ ಕಟ್ಟಿದರೆ ನಕಲು ಕಳಿಸುತ್ತಾರೆ. 1862ರ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ ಸರ್ಕಾರಿ ಜಮೀನು 160 ಎಕರೆಯವರೆಗೆ ಸಿಗುತ್ತಿತ್ತು. ಆದರೆ ಐದು ವರ್ಷ ಅಲ್ಲೇ ಮನೆ ಕಟ್ಟಿಕೊಂಡು ಉಳುಮೆ ಮಾಡಬೇಕು, ಅದಕ್ಕೆ ಇಬ್ಬರು ನೆರೆಯವರು ಸಾಕ್ಷಿ ಹೇಳಬೇಕು. ನಮ್ಮ ಕಡೆಯ ಮಹಜರು ಇದ್ದ ಹಾಗೆ. ಆ ಸಾಕ್ಷಿಯಲ್ಲಿ ಎಲ್ಲವೂ ಇತ್ತು. ಮೊದಲು ದಿಬ್ಬ ಕೊರೆದು ಮಾಡಿದ ಗುಂಡಿಮನೆ, ಆಮೇಲೆ 14 ಅಡಿಗೆ 16 ಅಡಿಯ ಮರದ ಮನೆ, ಒಂದು ಬಾಗಿಲು, ಎರಡು ಕಿಟಕಿ, ಬಾವಿ, ಕೊಟ್ಟಿಗೆ, ಉತ್ತ ಜಮೀನು 45 ಎಕರೆ.

ಜೊತೆಗೆ ಒಂದು ಸಾಲು: ಮಿಡತೆಯಿಂದ ಬೆಳೆ ಹೋದದ್ದರಿಂದ ಈತ ಕೂಲಿಗೆ ಬೇರೆಡೆ ಹೋಗಿದ್ದ, ಹೆಂಡತಿ ಮಕ್ಕಳು ಜಮೀನಿನಲ್ಲೇ ಇದ್ದರು. 1873ರಿಂದ 1877ರವರೆಗೆ ಮಿನೆಸೋಟದ ನೈಋತ್ಯ ಭಾಗವನ್ನು ಮಿಡತೆ ಹಿಂಡು ತಿಂದು ಹಾಕಿತ್ತು. ಬಂದವು ಮಣ್ಣಿನಲ್ಲಿ ಮೊಟ್ಟೆ ಇಡುತ್ತಿದ್ದವು, ಮುಂದಿನ ವಸಂತದಲ್ಲಿ ಮರಿಗಳು ಎದ್ದು ಗೋಧಿಯ ಮೊಳಕೆಯನ್ನೇ ಮೇಯುತ್ತಿದ್ದವು. ತಗಡಿಗೆ ಡಾಂಬರು ಬಳಿದು ಹೊಲದ ಮೇಲೆ ಎಳೆದು ಅಂಟಿಸಿ ಕೊಲ್ಲುತ್ತಿದ್ದರಂತೆ. 1877ರ ಏಪ್ರಿಲ್ 26ನ್ನು ಗವರ್ನರ್ ಜಾನ್ ಪಿಲ್ಸ್‌ಬರಿ ಪ್ರಾರ್ಥನೆಯ ದಿನ ಅಂತ ಸಾರಿದ್ದರು. ಬೆಳೆ ಹೋದವರು ಜಮೀನು ಬಿಟ್ಟು ಹೋದರೂ ಹಕ್ಕು ತಪ್ಪದಂತೆ ಅಮೆರಿಕದ ಸಂಸತ್ತು ಸಡಿಲಿಕೆ ಕೊಟ್ಟಿತ್ತು. ಆದರೂ ಆಕೆ ಕದಲಲಿಲ್ಲ. ಮಕ್ಕಳನ್ನು ಕಟ್ಟಿಕೊಂಡು ಆ ಗುಂಡಿಮನೆಯಲ್ಲಿ ಚಳಿಗಾಲ ಕಳೆದಳು. ನಾನು ಹೀಟರ್ ಪಕ್ಕ ಕೂತು ಇದನ್ನು ಓದುತ್ತಿದ್ದೆ.

ಇನ್ನೊಂದು ಮಾತು ಹೇಳದಿದ್ದರೆ ಸರಿಯಾಗದು. ಆ ಜಮೀನು ಖಾಲಿ ಬಿದ್ದದ್ದಲ್ಲ. ಲಾಕ್ ಕಿ ಪಾರ್ಲ್ ಅಂದರೆ ಫ್ರೆಂಚ್‌ನಲ್ಲಿ 'ಮಾತಾಡುವ ಕೆರೆ', ಅದು ಅಲ್ಲಿನ ಮೂಲನಿವಾಸಿಗಳಾದ ಡಕೋಟಾ ಜನರು ಇಟ್ಟ ಹೆಸರಿನ ಅನುವಾದ. 1851ರ ಒಪ್ಪಂದದಲ್ಲಿ ಅವರ ನೆಲ ಹೋಯಿತು. ಅವರಿಗೂ ಅಮೆರಿಕಕ್ಕೂ ನಡೆದ 1862ರ ಯುದ್ಧದ ನಂತರ ಡಿಸೆಂಬರ್ 26ರಂದು ಮಿನೆಸೋಟದ ಮಂಕೇಟೊ ಊರಿನಲ್ಲಿ ಅವರ 38 ಜನರನ್ನು ಗಲ್ಲಿಗೇರಿಸಿದರು, ಮರುವರ್ಷ ಉಳಿದವರಲ್ಲಿ ಹೆಚ್ಚಿನವರನ್ನು ರಾಜ್ಯದಿಂದಲೇ ಹೊರಗಟ್ಟಿದರು. ಅಜ್ಜ ನೇಗಿಲು ಹೂಡಿದ್ದು ಅದಾಗಿ ಹತ್ತು ವರ್ಷಕ್ಕೆ. ನಾನು ಮಾಡಿದ ಕುಟುಂಬದ ಪುಸ್ತಕದಲ್ಲಿ ಮೊದಲ ಪುಟ ಇದೇ. ಅತ್ತೆಗೆ ಅಷ್ಟು ಇಷ್ಟವಾಗಲಿಲ್ಲ, ಆದರೆ ತೆಗೆ ಅಂತಲೂ ಹೇಳಲಿಲ್ಲ.

ಹಕ್ಕುಪತ್ರದಿಂದ ಅಜ್ಜನ ಅಪ್ಪನ ಹೆಸರು ಖಚಿತವಾಯಿತು, ಇಲ್ಲಿನ ಲೂಥರನ್ ಚರ್ಚ್‌ನ ಪುಸ್ತಕದಿಂದ ಹುಟ್ಟಿದ ತಾರೀಖು ಮತ್ತು ಊರು ಸಿಕ್ಕಿತು: ಸೋಗ್ನ್ ಪ್ರಾಂತ್ಯದ ಲುಸ್ಟರ್. ಈ ಸಲ ನಾರ್ವೆಯ 1865ರ ಜನಗಣತಿಯಲ್ಲಿ ಸರಿಯಾದ ಅಜ್ಜನೇ ಕಂಡ. 'ಹುಸ್‌ಮನ್', ಅಂದರೆ ದೊಡ್ಡ ಹೊಲದವರ ಅಂಚಿನಲ್ಲಿ ತುಂಡು ನೆಲ ಮಾಡಿಕೊಂಡು ಅವರಿಗೆ ದುಡಿದುಕೊಡುವವನು. ನಮ್ಮ ಗೇಣಿಗೂ ಒಕ್ಕಲಿಗೂ ಹತ್ತಿರ. ಆ ಗಣತಿ ದನಕರು, ಬಿತ್ತನೆಯನ್ನೂ ಲೆಕ್ಕ ಹಾಕಿದೆ. ಇವನದು ಒಂದು ಹಸು, ಐದು ಕುರಿ, ಮೂರು ಮೇಕೆ, ಎರಡು ಪೀಪಾಯಿ ಆಲೂಗಡ್ಡೆ. 160 ಎಕರೆ ಅಂದಾಗ ಅವನಿಗೆ ಏನನ್ನಿಸಿರಬೇಡ!

ನಾರ್ವೆಯ ಬರ್ಗನ್ ಬಂದರಿನ ವಲಸಿಗರ ಪಟ್ಟಿ ಶುರುವಾಗುವುದು 1874ರಿಂದ. ಇವರು ಹೊರಟದ್ದು 1868. ಹಾಗಾಗಿ ಚರ್ಚ್ ಪುಸ್ತಕದಲ್ಲೇ ಇರುವ 'ಊರು ಬಿಟ್ಟವರು' ಪಟ್ಟಿ ನೋಡಬೇಕಾಯಿತು. ಗಾಥಿಕ್ ಕೈಬರಹ ನೋಡಿದರೆ ಇರುವೆ ಸಾಲು. ಒಂದು ನಲವತ್ತು ಶಬ್ದ ಕಲಿತರೆ ಸಾಕು, ಆಮೇಲೆ ಕಣ್ಣು ಹೊಂದಿಕೊಳ್ಳುತ್ತದೆ. ಅಲ್ಲಿ ಸಿಕ್ಕರು: ಗಂಡ, ಹೆಂಡತಿ, ಒಂದು ಗಂಡುಮಗು. ಏಪ್ರಿಲ್. ಅಮೆರಿಕಕ್ಕೆ.

ಅಜ್ಜಿಯನ್ನು ಹುಡುಕುವುದೇ ಜಾಸ್ತಿ ಕಷ್ಟ. ಜಮೀನು, ತೆರಿಗೆ, ಪೌರತ್ವ ಎಲ್ಲ ಗಂಡನ ಹೆಸರಿನಲ್ಲಿ. ಅವಳು ಮಾತಾಡಿದ್ದು 1900ರ ಅಮೆರಿಕದ ಜನಗಣತಿಯಲ್ಲಿ. ಆ ವರ್ಷ ತಾಯಂದಿರನ್ನು ಎಷ್ಟು ಹೆತ್ತೆ, ಎಷ್ಟು ಉಳಿದಿವೆ ಅಂತ ಕೇಳಿದ್ದರು. ಅವಳ ಸಾಲಿನಲ್ಲಿ 11 ಮತ್ತು 6.

ಅತ್ತೆಗೆ ಗೊತ್ತಿದ್ದದ್ದು ಉಳಿದ ಆರು ಮಕ್ಕಳು ಮಾತ್ರ. ಇಲ್ಲಿನ ಚರ್ಚ್‌ನ ಮಣ್ಣು ಮಾಡಿದವರ ಪಟ್ಟಿಯಲ್ಲಿ ನಾಲ್ಕು ಸಿಕ್ಕವು, ಅದರಲ್ಲಿ ಎರಡು ಒಂದೇ ವಾರದಲ್ಲಿ. ಐದನೆಯದು ಎಲ್ಲೂ ಇಲ್ಲ. ಅಜ್ಜಿ ಲೆಕ್ಕ ತಪ್ಪಿ ಹೇಳಿರಬಹುದು ಅಂದುಕೊಂಡು ಕೈಬಿಟ್ಟಿದ್ದೆ. ಆಮೇಲೆ ಒಂದು ದಿನ ಹೆಸರುಗಳನ್ನು ನೋಡುತ್ತಿದ್ದೆ. ನಮ್ಮಲ್ಲಿ ಹಾಗೆಯೇ ಅಲ್ವಾ, ಮೊಮ್ಮಗುವಿಗೆ ಅಜ್ಜ ಅಜ್ಜಿಯ ಹೆಸರು? ಅವರಲ್ಲೂ ಅಷ್ಟೇ. ಗಂಡುಮಕ್ಕಳಿಗೆ ಎರಡೂ ಕಡೆಯ ಅಜ್ಜಂದಿರ ಹೆಸರು ಸಾಲಾಗಿ ಬಂದಿದ್ದವು. ಹೆಣ್ಣುಮಕ್ಕಳಲ್ಲಿ ಅಪ್ಪನ ಅಮ್ಮನ ಹೆಸರು ಅಮೆರಿಕದಲ್ಲಿ ಹುಟ್ಟಿದವಳಿಗೆ ಮೊದಲ ಸಲ ಬಂದಿತ್ತು. ಸತ್ತ ಮಗುವಿನ ಹೆಸರನ್ನು ಮುಂದೆ ಹುಟ್ಟಿದ್ದಕ್ಕೆ ಇಡುವ ವಾಡಿಕೆಯೂ ಅವರಲ್ಲಿತ್ತು. ಹಾಗಾದರೆ ಅದಕ್ಕಿಂತ ಮುಂಚೆ ಆ ಹೆಸರಿನ ಇನ್ನೊಂದು ಮಗು ಇದ್ದಿರಬಹುದೇ?

ಲುಸ್ಟರ್‌ನ ಪುಸ್ತಕವನ್ನು ಮತ್ತೆ ತೆರೆದೆ. ಇತ್ತು. ಅದೇ ಹೆಸರು, ಎಂಟು ತಿಂಗಳ ಹೆಣ್ಣುಮಗು, ಮಣ್ಣು ಮಾಡಿದ್ದು 1868ರ ಫೆಬ್ರವರಿ. ಅವರು ಹೊರಟದ್ದು ಎರಡು ತಿಂಗಳ ನಂತರ.

ಪ್ರಿಂಟ್ ತೆಗೆದು ಅತ್ತೆಗೆ ಕೊಟ್ಟೆ. ಅವರು ಓದಿ, ಬೇಸ್‌ಮೆಂಟಿಗೆ ಹೋಗಿ, ಅದನ್ನು ಆ ನೀಲಿ ಪೆಟ್ಟಿಗೆಯಲ್ಲಿ ಇಟ್ಟು ಬಂದರು.