ಹಳ್ಳದ ಸದ್ದಿನಲ್ಲಿ ಕಪ್ಪೆ ಲೆಕ್ಕ

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಸುತ್ತ ಹಳ್ಳಗಳು ಬಂಡೆ ಕೊರೆದುಕೊಂಡು ಘಟ್ಟ ಇಳಿಯುತ್ತವೆ. ಮಳೆಗಾಲದಲ್ಲಿ ಅಂಥ ಕೊಳ್ಳಕ್ಕೆ ಕಪ್ಪೆ ಸಮೀಕ್ಷೆಗೆ ಇಳಿದರೆ ಮೊದಲು ಕೈಕೊಡುವುದು ಕಿವಿ. ಗದ್ದೆಬಯಲಾದರೆ ಕೂಗು ಕೇಳಿಯೇ ಜಾತಿ ಹೇಳಬಹುದು. ಇಲ್ಲಿ ನೀರಿನ ಸದ್ದು ಬಿಟ್ಟು ಬೇರೇನೂ ಕೇಳದು. ಅದಕ್ಕೇ 'ಕುಣಿಯುವ ಕಪ್ಪೆ' ಎಂದೇ ಹೆಸರಾದ ಕಪ್ಪೆಯ ಗಂಡು ಕೂಗುವುದಷ್ಟೇ ಅಲ್ಲ, ಹಿಂಗಾಲು ಚಾಚಿ ಬೆರಳು ಬಿಡಿಸಿ ತೋರಿಸುತ್ತದೆ. ಅದು ಹಗಲಿನ ಜೀವಿ, ಹಾಗಾಗಿ ಹಗಲಿಗೊಂದು ಸುತ್ತು ಬೇಕೇ ಬೇಕು. ನೂರು ಮೀಟರ್ ಹಳ್ಳವನ್ನು ಟೇಪು ಹಿಡಿದು ಅಳೆದು ಮರಗಳಿಗೆ ರಿಬ್ಬನ್ ಕಟ್ಟುವುದೂ ಆಗಲೇ. ರಾತ್ರಿ ತಲೆಬ್ಯಾಟರಿ ಕಟ್ಟಿಕೊಂಡು ಕೆಳಗಿನಿಂದ ಮೇಲಕ್ಕೆ ನಡೆಯುತ್ತೇನೆ. ಆಗ ನಾವು ಕದಡಿದ ನೀರು ಹಿಂದಕ್ಕೆ ಹೋಗುತ್ತದೆ, ಮುಂದಿನದು ತಿಳಿಯಾಗಿರುತ್ತದೆ. ಉಂಬಳದ ಕಥೆ ಬೇಡ ಬಿಡಿ, ಉದ್ದ ಕಾಲುಚೀಲ ಇದ್ದರೆ ಸಾಕು.

ನನ್ನ ಪಟ್ಟಿಯಲ್ಲಿ ಕಪ್ಪೆಗಿಂತ ಮೊಟ್ಟೆಗೇ ಹೆಚ್ಚು ಅಂಕಣ. ಕಪ್ಪೆ ಜಿಗಿದು ಹೋಗುತ್ತದೆ, ಮೊಟ್ಟೆ ಎಲ್ಲಿಗೂ ಹೋಗದು. 2014ರಲ್ಲಿ ವಿಜ್ಞಾನಲೋಕಕ್ಕೆ ಪರಿಚಯವಾದ ಕುಂಬಾರ ಕಪ್ಪೆಯನ್ನೇ ನೋಡಿ. ನೀರಿನ ಮೇಲ್ಗಡೆ ಕಡ್ಡಿಗೋ ಬಂಡೆಗೋ ಅಂಟಿದ ಮೊಟ್ಟೆಗಳಿಗೆ ಗಂಡು ಮುಂಗೈಯಲ್ಲಿ ಕೆಸರು ತಂದು ಮೆತ್ತುತ್ತದೆ. ಹಾಗಾದರೆ ಹಳ್ಳದ ಅಗಲ, ಆಳ, ನೀರಿನ ಉಷ್ಣತೆ ಬರೆದುಕೊಂಡರೆ ಮುಗಿಯಲಿಲ್ಲ. ಮೊಟ್ಟೆ ನೀರಿನಿಂದ ಎಷ್ಟು ಮೇಲಿದೆ, ಹತ್ತಿರದಲ್ಲಿ ಕೆಸರಿನ ದಂಡೆ ಇದೆಯೇ ಎಂಬುದನ್ನೂ ಬರೆಯಬೇಕು. ಇಂಡಿರಾನಾ ಎಂಬ ಕಪ್ಪೆ ಕುಲದ ಗೊದಮೊಟ್ಟೆಗಳು ಹೊಂಡದಲ್ಲಿ ಸಿಗುವುದಿಲ್ಲ, ನೀರು ಜಿನುಗುವ ಬಂಡೆಗೆ ಅಂಟಿಕೊಂಡು ಮೇಯುತ್ತವೆ, ಮುಟ್ಟಹೋದರೆ ಜಿಗಿಯುತ್ತವೆ. ಆದ್ದರಿಂದ ಒದ್ದೆ ಬಂಡೆಯೂ ಒಂದು ಆವಾಸ. ಪೊದೆಗಪ್ಪೆಗಳಿಗೆ ಗೊದಮೊಟ್ಟೆಯ ಹಂತವೇ ಇಲ್ಲ, ಮೊಟ್ಟೆಯಿಂದ ನೇರ ಮರಿ. ಅವುಗಳಿಗೆ ಹಳ್ಳಕ್ಕಿಂತ ಎಲೆ, ತೇವ, ಮೇಲಿನ ಮರಗಳ ನೆರಳು ಮುಖ್ಯ. 'ಕಾಡು, ಹಳ್ಳ, ನೆರಳು ಚೆನ್ನಾಗಿದೆ' ಎಂದು ಒಂದೇ ಸಾಲು ಗೀಚಿದ ವರದಿಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕಪ್ಪೆ ಹಿಡಿಯುವುದು, ಅಳೆಯುವುದು ಅರಣ್ಯ ಇಲಾಖೆಯ ಅನುಮತಿ ಇದ್ದರೆ ಮಾತ್ರ. ಮೊಟ್ಟೆ ಮುಟ್ಟುವುದಂತೂ ಇಲ್ಲ, ಪಕ್ಕದಲ್ಲಿ ಸ್ಕೇಲು ಹಿಡಿದು ಫೋಟೊ ತೆಗೆದರಾಯಿತು.

ಜೊತೆಗೆ ಬರುವ ಊರಿನವರದು ಒಂದೇ ಕಟ್ಟಪ್ಪಣೆ: "ನೀರು ಕೆಂಪಾಯ್ತು ಅಂದ್ರೆ ಮೇಲೆ ಹತ್ತಿಬಿಡಿ ಮಾರಾಯ್ರೇ, ಕಪ್ಪೆ ಎಲ್ಲೂ ಓಡಿಹೋಗೂದಿಲ್ಲ." ಕೊಳ್ಳದಲ್ಲಿ ಮಳೆ ಇಲ್ಲದಿದ್ದರೂ ಮೇಲೆ ಸುರಿದದ್ದು ಹಠಾತ್ತನೆ ಬಂದುಬಿಡುತ್ತದೆ. ಅವರು ಹತ್ತಿದರೆ ನಾನೂ ಹತ್ತುತ್ತೇನೆ, ಅರ್ಧ ಬರೆದ ಪಟ್ಟಿ ಅರ್ಧವೇ ಉಳಿಯಲಿ.

ಕಪ್ಪೆಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಶಿಲೀಂಧ್ರ ಪಶ್ಚಿಮ ಘಟ್ಟದಲ್ಲೂ ಪತ್ತೆಯಾಗಿದೆ. ಅದು ಒದ್ದೆ ಬೂಟು, ಬಲೆಗಳ ಜೊತೆ ಕಣಿವೆಯಿಂದ ಕಣಿವೆಗೆ ದಾಟಬಲ್ಲದು. ಪ್ರತಿ ಹಳ್ಳ ಮುಗಿದ ಮೇಲೂ ಮಣ್ಣು ಉಜ್ಜಿ, ಹಳ್ಳದಿಂದ ದೂರ ಹೋಗಿ ಬ್ಲೀಚ್ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಬೇಕು. ಜುಲೈನ ಮಲೆನಾಡಲ್ಲಿ ಬೂಟು ಒಣಗುವುದುಂಟೇ? ಅದಕ್ಕೇ ಎರಡು ಜೊತೆ ಇಟ್ಟುಕೊಂಡಿದ್ದೇನೆ, ಒಂದು ಯಾವಾಗಲೂ ಯಾರದೋ ಮನೆಯ ಬಚ್ಚಲೊಲೆಯ ಪಕ್ಕ.