‘ಅವನು ಹ್ಯಾಕರ್’ ಅನ್ನುವ ಮೊದಲು: ಅನುಮಾನವನ್ನು ಪರೀಕ್ಷಿಸುವ ಕ್ರಮ

ಆನ್‌ಲೈನ್ ಶೂಟಿಂಗ್ ಆಟಗಳಲ್ಲಿ ಚೀಟ್ (ಮೋಸದಿಂದ ಗೆಲ್ಲಿಸುವ ತಂತ್ರಾಂಶ) ಹಾಕುವವರನ್ನು ಕೇಳಿ ನೋಡಿ, ‘ಎಲ್ಲರೂ ಹಾಕ್ತಾರೆ, ನಾನೊಬ್ಬ ಬಿಟ್ಟರೆ ಏನು ಬಂತು’ ಎಂಬ ಮಾತು ಬಂದೇ ಬರುತ್ತದೆ. ತಪ್ಪು ಮಾಡುವವರು ತಮ್ಮನ್ನು ತಾವೇ ಸಮಾಧಾನ ಮಾಡಿಕೊಳ್ಳುವ ಐದು ಬಗೆಗಳನ್ನು ಸಮಾಜಶಾಸ್ತ್ರಜ್ಞರಾದ ಗ್ರೆಶಮ್ ಸೈಕ್ಸ್ ಮತ್ತು ಡೇವಿಡ್ ಮಾಟ್ಜಾ 1957ರಲ್ಲೇ ಗುರುತಿಸಿದ್ದರು: ನನ್ನ ತಪ್ಪಲ್ಲ, ಯಾರಿಗೂ ನಷ್ಟವಿಲ್ಲ, ಅವನಿಗೆ ಹಾಗೇ ಆಗಬೇಕು, ದೂರುವವರೇ ಸರಿಯಿಲ್ಲ, ಗೆಳೆಯರಿಗಾಗಿ ಮಾಡಿದೆ. ಸೋತ ಸಿಟ್ಟಿನಲ್ಲಿ ಎದುರಾಳಿಯನ್ನು ಸುಮ್ಮನೆ ಹ್ಯಾಕರ್ (ಚೀಟ್ ಹಾಕುವವನು) ಅಂದಾಗಲೆಲ್ಲ ‘ಎಲ್ಲರೂ ಹಾಕ್ತಾರೆ’ ಎಂಬ ಮಾತಿಗೂ ಈ ನೆಪಗಳಿಗೂ ನಾವೇ ನೀರೆರೆಯುತ್ತೇವೆ. ಅದಕ್ಕೇ ಅನುಮಾನವನ್ನು ಅಲ್ಲಲ್ಲೇ ಪರೀಕ್ಷಿಸಿ ಮುಗಿಸಬೇಕು.

ಅನುಮಾನ ಬಂದ ಕೂಡಲೇ ರೌಂಡ್ ಸಂಖ್ಯೆ ಮತ್ತು ಸಮಯ ಬರೆದಿಡಿ. ಚಾಟ್‌ನಲ್ಲಿ ಏನೂ ಹಾಕಬೇಡಿ. ಆಟ ಮುಗಿದು ಹದಿನೈದು ನಿಮಿಷ ಕಳೆದ ಮೇಲೆ ರೀಪ್ಲೇಯನ್ನು ಅನುಮಾನ ಬಂದ ಆಟಗಾರನ ಕಣ್ಣಿನಿಂದ ನೋಡಿ. ನೀವು ಸತ್ತ ಒಂದೇ ಕ್ಷಣ ಸಾಲದು. ಅವನು ಗೆದ್ದ ಐದಾರು ಮುಖಾಮುಖಿಗಳ ಜೊತೆ ಸೋತ ಎರಡು ಮೂರನ್ನಾದರೂ ನೋಡಿ.

ಪ್ರತಿ ಸಲ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಆ ಹೊತ್ತಿಗೆ ಇವನಿಗೆ ಇದು ಗೊತ್ತಾಗಲು ದಾರಿಯಿತ್ತೇ? ಹೆಜ್ಜೆ ಸದ್ದು, ಜೊತೆಗಾರ ಹೇಳಿದ ಮಾಹಿತಿ, ಎಲ್ಲರೂ ನಿಲ್ಲುವ ಮೂಲೆ, ಇವೆಲ್ಲ ದಾರಿಗಳೇ. ಮೂಲೆಗೆ ಮುಂಚಿತವಾಗಿ ಗುಂಡು ಹಾರಿಸುವುದು ಅನುಭವಿಗಳ ಅಭ್ಯಾಸ. ಆದರೆ ಸದ್ದಿಲ್ಲದೆ ಗೋಡೆಯಾಚೆ ನಡೆಯುವವನ ಜೊತೆಜೊತೆಗೇ ಗುರಿ ಸರಿಯುತ್ತಿದ್ದರೆ, ಅದೂ ಮತ್ತೆ ಮತ್ತೆ ಆದರೆ, ಅನುಮಾನಕ್ಕೆ ಆಧಾರವಿದೆ. ಕಂಡದ್ದಕ್ಕೆ ಪ್ರತಿಕ್ರಿಯಿಸಲು ಮನುಷ್ಯನಿಗೆ ಸುಮಾರು 200 ಮಿಲಿಸೆಕೆಂಡ್ ಬೇಕು, ಪಳಗಿದವರಿಗೆ ಸ್ವಲ್ಪ ಕಡಿಮೆ. ಅನಿರೀಕ್ಷಿತ ಜಾಗಗಳಲ್ಲೂ ಪದೇ ಪದೇ 100ಕ್ಕಿಂತ ಕಡಿಮೆ ಬಂದರೆ ಅದು ಕೈಚಳಕವಲ್ಲ.

ಹೆಚ್ಚು ಜನ ಎಡವುವುದು ನೆಟ್‌ವರ್ಕ್ ವಿಷಯದಲ್ಲಿ. ಮೂಲೆಯಿಂದ ಹೊರಬಂದವನು ನಿಮ್ಮನ್ನು ಮೊದಲು ನೋಡುತ್ತಾನೆ. ಅವನು ಬಂದ ಸುದ್ದಿ ನಿಮ್ಮ ಪರದೆಗೆ ತಡವಾಗಿ ತಲುಪುತ್ತದೆ. ಹಲವು ಆಟಗಳಲ್ಲಿ ಸರ್ವರ್ (ಎಲ್ಲರ ಆಟವನ್ನು ಜೋಡಿಸುವ ಕೇಂದ್ರ ಕಂಪ್ಯೂಟರ್), ಗುಂಡು ಹೊಡೆದವನು ಕಂಡದ್ದನ್ನೇ ಲೆಕ್ಕಕ್ಕೆ ಹಿಡಿಯುವುದರಿಂದ ‘ಗೋಡೆ ಮರೆಗೆ ಸೇರಿದ ಮೇಲೂ ಸತ್ತೆ’ ಅನ್ನಿಸುತ್ತದೆ. ಸೆಕೆಂಡಿಗೆ 64 ಟಿಕ್ ಇರುವ, ಅಂದರೆ ಆಟದ ಸ್ಥಿತಿಯನ್ನು 64 ಸಲ ಲೆಕ್ಕ ಹಾಕುವ, ಸರ್ವರ್‌ನಲ್ಲಿ ಒಂದು ಟಿಕ್ ಅಂದರೆ 15.6 ಮಿಲಿಸೆಕೆಂಡ್, ನಡುವಿನ ಚಲನೆ ದಾಖಲಾಗದೆ ರೀಪ್ಲೇಯಲ್ಲಿ ಗುರಿ ತಟ್ಟನೆ ಜಿಗಿದಂತೆ ಕಾಣಬಹುದು. ಇದನ್ನೇ ಏಮ್‌ಬಾಟ್ (ತಾನೇ ಗುರಿ ಹಿಡಿಯುವ ಚೀಟ್) ಅಂದುಕೊಳ್ಳಬೇಡಿ.

ಆಧಾರ ಸಿಕ್ಕರೆ ಒಮ್ಮೆ ರಿಪೋರ್ಟ್ ಮಾಡಿ, ಸಾಕು. ಮರುದಿನವೂ ಅವನು ಆಡುತ್ತಿದ್ದರೆ ‘ಯಾರೂ ಕೇಳೋರಿಲ್ಲ’ ಅಂದುಕೊಳ್ಳಬೇಡಿ: ಪತ್ತೆ ಮಾಡಿದ್ದು ಹೇಗೆಂದು ಚೀಟ್ ಬರೆಯುವವರಿಗೆ ತಿಳಿಯಬಾರದೆಂದು ಬ್ಯಾನ್‌ಗಳನ್ನು ಬೇಕೆಂದೇ ತಡಮಾಡಿ, ಒಟ್ಟೊಟ್ಟಿಗೆ ಹಾಕುವುದುಂಟು.

ಇನ್ನು ಚೀಟ್ ಹಾಕುತ್ತಿರುವುದು ನಿಮ್ಮ ಗೆಳೆಯನೇ ಆಗಿದ್ದರೆ? ಇದು ಗೆಳೆತನದ ಬಳಗದೊಳಗೇ ಹೆಚ್ಚು ಕಾಣುವ ಚಟ. ಸ್ಟೀಮ್ ಎಂಬ ಕಂಪ್ಯೂಟರ್ ಆಟಗಳ ತಾಣದ ಖಾತೆಗಳ ಬಗ್ಗೆ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚೀಟ್ ಹಾಕಿ ಸಿಕ್ಕಿಬಿದ್ದವರ ಸ್ನೇಹಿತರ ಪಟ್ಟಿಯಲ್ಲಿ ಉಳಿದವರ ಪಟ್ಟಿಗಿಂತ ಅಂಥವರು ಹೆಚ್ಚಾಗಿ ಕಂಡಿದ್ದರು. ಗುಂಪಿನ ಎದುರು ಮರ್ಯಾದೆ ತೆಗೆಯಬೇಡಿ, ಒಬ್ಬನೇ ಇದ್ದಾಗ ಮಾತಾಡಿ. ‘ಯಾಕೋ ಹಾಕ್ದೆ?’ ಅಂತ ಕೇಳಿದರೆ ಆ ಐದು ನೆಪಗಳೇ ಹೊರಬರುತ್ತವೆ. ಬದಲಿಗೆ ಕಂಡದ್ದನ್ನು ಹೇಳಿ: ‘ಒಂಬತ್ತನೇ ರೌಂಡಲ್ಲಿ ಗೋಡೆ ಆಚೆ ಇದ್ದವನ್ನ ಗುರಿ ಇಟ್ಕೊಂಡೇ ಹೋದೆ. ಅದು ತೆಗೆಯೋವರೆಗೂ ನಿನ್ ಜೊತೆ ಆಡಲ್ಲ.’ ಹೇಳಿದ ಮೇಲೆ ಆ ಮಾತಿಗೆ ನಿಲ್ಲಿ.

ತೆಗೆಯಲು ಒಪ್ಪಿದರೆ ಬರೀ ಫೈಲ್ ಅಳಿಸಿದರೆ ಸಾಲದು. ಚೀಟ್‌ಗಳಿಗೆ ಕಂಪ್ಯೂಟರ್‌ನ ಪೂರ್ಣ ಅಧಿಕಾರ ಕೊಟ್ಟಿರುತ್ತಾರೆ, ಜೊತೆಯಲ್ಲಿ ಪಾಸ್‌ವರ್ಡ್ ಕದಿಯುವ ತಂತ್ರಾಂಶವೂ ಬಂದಿರಬಹುದು. ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಹಾಕಿ, ಬೇರೊಂದು ಸಾಧನದಿಂದ ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆಯಿಂದ ಲಾಗೌಟ್ ಮಾಡಿಸಿ. ಆಮೇಲೆ ಅವನ ರ‍್ಯಾಂಕ್ ಸರ್ರನೆ ಇಳಿಯುತ್ತದೆ, ಮತ್ತೆ ಚೀಟ್‌ನತ್ತ ಮನಸ್ಸು ಎಳೆಯುವುದು ಆಗಲೇ. ಮೊದಲ ಎರಡು ವಾರ ರ‍್ಯಾಂಕ್ ಇಲ್ಲದ ಆಟಗಳನ್ನೇ ಅವನ ಜೊತೆ ಆಡಿ.